ಇನ್ನ ಜರಾ ಏರಿಸು

ನಮ್ಮ ಕಡೆ ಯಾವ ಯಂತ್ರ ಮೊಂಡಾಟ ಹೂಡಿದರೂ ಮೊದಲ ಔಷಧ ಒಂದೇ: "ಇನ್ನ ಜರಾ ಏರಿಸು." ಮೈಕು ಸರಿಯಾಗಿ ಕೇಳಿಸದಿದ್ದರೆ ಏರಿಸು, ಫ್ಯಾನಿಗೆ ಗಾಳಿ ಬಾರದಿದ್ದರೆ ಏರಿಸು, ಪುಂಡಿ ಪಲ್ಯ ಸಪ್ಪಗಾಯಿತೆಂದರೆ ಖಾರ ಏರಿಸು. ಜಹೀರಾಬಾದಿನಲ್ಲಿ ಹುಟ್ಟಿ ಬೆಳೆದು, ಅಲ್ಲಿ ಇಲ್ಲಿ ವಿಜ್ಞಾನದ ಮಾಸ್ತರಿಕೆ ಮಾಡಿ ನಿವೃತ್ತನಾದ ನಾನೂ ಇದೇ ಔಷಧದ ಮೇಲೆ ಬದುಕಿದವನು. ಇಳಿಸುವುದೂ ಒಂದು ರಿಪೇರಿ ಎನ್ನುವುದು ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ. ಗೊತ್ತಾಗುವ ಹೊತ್ತಿಗೆ ಬಲಗೈ ತೋರುಬೆರಳಿಗೆ ಬೊಬ್ಬೆ ಬಂದಿತ್ತು.

ನನ್ನ ಸೋದರಳಿಯನದು ಬೀದರ ರೋಡಿನ ಮೇಲೆ ಬಾಗಿಲ ಅಂಗಡಿ. ಬಾಗಿಲು ಎಂದರೆ ಬರೀ ಬಾಗಿಲಲ್ಲ, ಕೆತ್ತನೆಯ ಬಾಗಿಲು. ಹಿಂದೆ ಬಡಿಗೇರ ಕಾಕಾ ತಿಂಗಳುಗಟ್ಟಲೆ ಉಳಿ ಹಿಡಿದು ಕೂತು ಮಾಡುತ್ತಿದ್ದ ಕೆಲಸವನ್ನು ಈಗ ಎಂಟಡಿ ಉದ್ದ, ನಾಲ್ಕಡಿ ಅಗಲದ ಸಿಎನ್‌ಸಿ ರೌಟರು ಒಂದೇ ಹಗಲಿನಲ್ಲಿ ಮುಗಿಸುತ್ತದೆ. ಗಣಪತಿ, ಲಕ್ಷ್ಮಿ, ನವಿಲು, ಕಳಸ, ಮುಸಲ್ಮಾನರ ಮನೆಗಾದರೆ ಬಳ್ಳಿಯಂಥ ಅರಬಿ ಅಕ್ಷರ. ಗಿರಾಕಿ ಮೊಬೈಲಿನಲ್ಲಿ ಚಿತ್ರ ತೋರಿಸುತ್ತಾನೆ, ಕಂಪ್ಯೂಟರು ಹೇಳುತ್ತದೆ, ಮೋಟರು ಕೇಳುತ್ತದೆ, ಸಾಗವಾನಿ ಹುಡಿಯಾಗುತ್ತದೆ.

ಒಂದು ದಿನ ಬೆಳಿಗ್ಗೆ ಫೋನು. "ಮಾಮಾ, ಗಣಪತಿ ಸರದಾನ."

ಹೋಗಿ ನೋಡಿದರೆ ನಿಜ. ಕಿರೀಟದಿಂದ ಕಣ್ಣಿನವರೆಗೆ ಗಣಪತಿ ತನ್ನ ಜಾಗದಲ್ಲೇ ಇದ್ದಾನೆ. ಅಲ್ಲಿಂದ ಕೆಳಗೆ ಸೊಂಡಿಲು, ಹೊಟ್ಟೆ, ಇಲಿ ಎಲ್ಲವೂ ಒಂದು ಬೆರಳಿನಷ್ಟು ಬಲಕ್ಕೆ. ಮೇಲಿನ ಮನೆಯವರು ಬಾಡಿಗೆ ಬಿಟ್ಟು ಹೋಗಿ ಕೆಳಗೆ ಬೇರೆ ಯಾರೋ ಬಂದಂತೆ. "ಬಲಮುರಿ ಗಣಪತಿ ಅಂತ ಮಾರಿಬಿಡು" ಎಂದೆ. ಅಳಿಯ ನಗಲಿಲ್ಲ. ಸಾಗವಾನಿಯ ಈಗಿನ ರೇಟು ಗೊತ್ತಿದ್ದವರು ಯಾರೂ ನಗುವುದಿಲ್ಲ.

ಈ ಯಂತ್ರದೊಳಗೆ ಕೂತವನು ಸ್ಟೆಪ್ಪರ್ ಮೋಟರು. ಇವನ ಕಥೆ ಸ್ವಲ್ಪ ಹೇಳಲೇಬೇಕು. ಉಳಿದ ಮೋಟರುಗಳು ಸುಂಯ್ ಎಂದು ತಿರುಗುತ್ತವೆ, ಇವನು ಹೆಜ್ಜೆ ಹಾಕುತ್ತಾನೆ. ಒಂದು ಸುತ್ತಿಗೆ 200 ಹೆಜ್ಜೆ, ಹೆಜ್ಜೆಗೆ 1.8 ಡಿಗ್ರಿ. ಕಂಪ್ಯೂಟರಿನಿಂದ ಒಂದು ತಟ್ಟು ಬಂದರೆ ಒಂದು ಹೆಜ್ಜೆ, ಸಾವಿರ ತಟ್ಟು ಬಂದರೆ ಐದು ಸುತ್ತು. ತಟ್ಟಿದ ಮೇಲೆ ಇವನು ನಿಜವಾಗಿ ನಡೆದನೋ ಇಲ್ಲವೋ ಎಂದು ತಿರುಗಿ ನೋಡುವವರು ಯಾರೂ ಇಲ್ಲ. ಎಲ್ಲೋ ಗಂಟು ಅಡ್ಡ ಬಂದು ನಾಲ್ಕು ಹೆಜ್ಜೆ ತಪ್ಪಿದರೆ ಇವನು ಬಾಯಿ ಬಿಡುವುದಿಲ್ಲ, ಕಂಪ್ಯೂಟರು ಕೇಳುವುದಿಲ್ಲ. ಅದರ ಲೆಕ್ಕದಲ್ಲಿ ಗಣಪತಿ ಇನ್ನೂ ನೆಟ್ಟಗೇ ಇದ್ದಾನೆ.

ನಮ್ಮ ಅಜ್ಜಿಯದೂ ಇದೇ ಕಥೆ. 1956ರ ನವೆಂಬರ್ 1ರಂದು ರಾಜ್ಯಗಳನ್ನು ಹೊಸದಾಗಿ ಹೊಲಿದಾಗ ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಆಂಧ್ರದ ಕಡೆ ಹೋದವು. ಜಹೀರಾಬಾದಾದರೂ ಇಡಿಯಾಗಿ ಹೋಯಿತೇ? ನಿರ್ಣಾ ಸರ್ಕಲನ್ನು ಮಾತ್ರ ಬೀದರಿಗೇ ಬಿಟ್ಟು ಹೋಯಿತು. ಕಿರೀಟ ಇಲ್ಲಿ, ಸೊಂಡಿಲು ಅಲ್ಲಿ. ಅಜ್ಜಿಗೆ ಈ ತಟ್ಟು ಮುಟ್ಟಲೇ ಇಲ್ಲ. ಕೊನೆಯವರೆಗೂ "ನಮ್ಮದು ಬೀದರ ಜಿಲ್ಲಾ" ಎಂದೇ ಎಣಿಸುತ್ತಿದ್ದಳು. ತಾಂಡೂರಿನವರದು ಇನ್ನೂ ಮಜಾ. ಗುಲ್ಬರ್ಗಾ ಜಿಲ್ಲೆಯಿಂದ ಹೈದರಾಬಾದ್ ಜಿಲ್ಲೆ, 1978ರಲ್ಲಿ ರಂಗಾರೆಡ್ಡಿ, 2016ರಲ್ಲಿ ವಿಕಾರಾಬಾದ್. ನಿಂತ ಜಾಗದಿಂದ ಕದಲದೆ ನಾಲ್ಕು ಜಿಲ್ಲೆ ನೋಡಿದರು. ಕಾಗಿಣಾ ನದಿ ಮಾತ್ರ ಯಾವ ತಟ್ಟಿಗೂ ಕಿವಿಗೊಡದೆ ಸೇಡಂ ಕಡೆಗೇ ಹರಿಯುತ್ತಿದೆ.

ಇರಲಿ, ಗಣಪತಿಗೆ ಬರೋಣ. ಸುದ್ದಿ ತಿಳಿದು ಮೊದಲು ಬಂದವರು ಪಕ್ಕದ ಓಣಿಯ ಮೋಟರ್ ವೈಂಡಿಂಗ್ ಭಾಯ್. ಸುತ್ತಲ ಹಳ್ಳಿಗಳ ಬೋರ್‌ವೆಲ್ ಮೋಟರುಗಳೆಲ್ಲ ಇವರ ಅಂಗಳದಲ್ಲಿ ಮಲಗಿ ಎದ್ದು ಹೋದವೇ. ಕೈಯಲ್ಲಿ ಕ್ಲ್ಯಾಂಪ್ ಮೀಟರ್ ಇಲ್ಲದೆ ಮದುವೆಗೂ ಹೋಗುವುದಿಲ್ಲ. ಬಂದವರೇ ಮೋಟರಿನ ವೈರಿಗೆ ಕ್ಲ್ಯಾಂಪಿನ ಬಾಯಿ ಹಾಕಿದರು. ಮೀಟರು ಸೊನ್ನೆ ತೋರಿಸಿತು.

"ಇದಕ್ಕ ಕರೆಂಟೇ ಬರ್ತಿಲ್ಲಲ್ಲೋ ಬೇಟಾ! ಉಪಾಸ ಹಾಕಿದರ ಹೆಂಗ ದುಡೀತದ? ಜರಾ ಏರಿಸು."

ತಪ್ಪು ಭಾಯ್‌ದಲ್ಲ, ಮೀಟರಿನದು. ಸಾಮಾನ್ಯ ಕ್ಲ್ಯಾಂಪ್ ಮೀಟರಿಗೆ ಎಸಿ ಕರೆಂಟು ಮಾತ್ರ ಕಾಣುತ್ತದೆ. ನಿಂತ ಸ್ಟೆಪ್ಪರಿನ ಸುರುಳಿಯಲ್ಲಿ ಹರಿಯುವುದು ಒಂದೇ ದಿಕ್ಕಿನ ಕರೆಂಟು, ಅದರ ಮಟ್ಟಿಗೆ ಮೀಟರು ಕುರುಡು. ಡಿಸಿ ಕಾಣುವ ಕ್ಲ್ಯಾಂಪು ಬೇರೆಯೇ ಬರುತ್ತದೆ, ದುಡ್ಡೂ ಹೆಚ್ಚು. ಇದೆಲ್ಲ ನನಗೆ ಆಮೇಲೆ ಹೊಳೆದದ್ದು. ಆಗ ನಾನೂ ತಲೆಯಾಡಿಸಿ "ಏರಿಸಪ್ಪ, ಭಾಯ್ ಹೇಳೂದು ಖರೇ ಅದ" ಎಂದೆ. ನಿವೃತ್ತ ವಿಜ್ಞಾನ ಮಾಸ್ತರ!

ಭಾಯ್ ಬಳಗಕ್ಕೆ ಗೊತ್ತಿರುವ ಮೂರು ಫೇಸಿನ ಮೋಟರು ಬಹಳ ಮರ್ಯಾದಸ್ಥ. ಹೊಲದಲ್ಲಿರುವ 5 ಎಚ್‌ಪಿ ಮೋಟರಿಗೆ ನೀರೆತ್ತುವ ಭಾರ ಬಿದ್ದರೆ ತಾನೇ ಏಳು ಏಳೂವರೆ ಆಂಪಿಯರ್ ಎಳೆದುಕೊಳ್ಳುತ್ತದೆ, ಭಾರ ಇಳಿದರೆ ಕಡಿಮೆ ಮಾಡಿಕೊಳ್ಳುತ್ತದೆ. ಹಸಿದಷ್ಟು ಉಣ್ಣುವ ರೈತ. ಸ್ಟೆಪ್ಪರು ಹಾಗಲ್ಲ, ಅವನು ಹೊಸ ಅಳಿಯ. ಕೆಲಸ ಮಾಡಲಿ ಬಿಡಲಿ, ತಟ್ಟೆಗೆ ಬಡಿಸಿದ್ದನ್ನೆಲ್ಲ ಉಣ್ಣುತ್ತಾನೆ. ಯಂತ್ರ ಸುಮ್ಮನೆ ನಿಂತು ಗಿರಾಕಿಗೆ ಕಾಯುತ್ತಿರುವಾಗಲೂ, ನೀವು ಮೂರು ಆಂಪಿಯರ್ ಎಂದು ಗೊತ್ತು ಮಾಡಿದ್ದರೆ ಮೂರೂ ಒಳಗೆ ಹೋಗುತ್ತದೆ. ಉಂಡದ್ದು ದುಡಿಮೆಗೆ ಹೋಗದಿದ್ದರೆ ಮೈಗೆ ಏರಬೇಕಲ್ಲ? ಹಾಗೆ ಮೈ ಬಿಸಿಯಾಗುತ್ತದೆ. ಎಷ್ಟು ಬಡಿಸಬೇಕೆಂಬುದು ಮೋಟರಿನ ಕೈಯಲ್ಲಿಲ್ಲ, ಸೌಟು ಇರುವುದು ಡ್ರೈವರ್ ಎಂಬ ಕರಿ ಡಬ್ಬಿಯ ಕೈಯಲ್ಲಿ. ಡಬ್ಬಿಯ ಕಿವಿ ಹಿಂಡುವುದು ನಮ್ಮ ಕೈಯಲ್ಲಿ.

ಅಳಿಯನ ರೌಟರಿನಲ್ಲಿರುವ ಡಬ್ಬಿ ಡಿಎಂ542 ಜಾತಿಯದು. ಪಕ್ಕದಲ್ಲಿ ಅಕ್ಕಿಕಾಳಿನಂಥ ಎಂಟು ಬಿಳಿ ಸ್ವಿಚ್ಚು. ಮೊದಲ ಮೂರು ಕರೆಂಟಿಗೆ, ನಾಲ್ಕನೆಯದು ನಿಂತಾಗ ಅರ್ಧ ಊಟವೋ ಪೂರ್ತಿ ಊಟವೋ ಎನ್ನುವುದಕ್ಕೆ, ಉಳಿದ ನಾಲ್ಕು ಹೆಜ್ಜೆಯನ್ನು ಚೂರು ಮಾಡಲಿಕ್ಕೆ. ಡಬ್ಬಿಯ ಹೊಟ್ಟೆಯ ಮೇಲೆ ಮಗ್ಗಿಯಂತೆ ಒಂದು ಕೋಷ್ಟಕ: 1.00, 1.46, 1.91, 2.37, 2.84, 3.31, 3.76, 4.20. ಇದು ಪೀಕ್ ಆಂಪಿಯರ್, ಎಂದರೆ ಅಲೆಯ ನೆತ್ತಿ. ಪಕ್ಕದಲ್ಲೇ ಇನ್ನೊಂದು ಸಾಲು, ಆರ್‌ಎಂಎಸ್: 0.71ರಿಂದ ಹಿಡಿದು 3.00ರವರೆಗೆ. ಸುರುಳಿ ನಿಜಕ್ಕೂ ಅನುಭವಿಸುವ ಬಿಸಿಯ ಲೆಕ್ಕ ಇದು. ಎರಡಕ್ಕೂ ನಡುವೆ ಸುಮಾರು 1.4 ಪಟ್ಟು ಅಂತರ. ಮೋಟರಿನ ಬೆನ್ನ ಮೇಲಿನ ಚೀಟಿಯಲ್ಲಿ "3.0 ಎ" ಎಂದಷ್ಟೇ ಇರುತ್ತದೆ. ನೆತ್ತಿಯದೋ ಹೊಟ್ಟೆಯದೋ, ಬರೆದವನೇ ಬಲ್ಲ. ಬೀದರ ಸಂತೆಯಲ್ಲಿ ಸೇರು ಕೇಳಿದರೆ ಹಳೇ ಸೇರೋ ಹೊಸ ಸೇರೋ ಎಂದು ಕೇಳಿಕೊಳ್ಳುತ್ತಿದ್ದ ಕಾಲದವರು ನಾವು, ಆದರೂ ಇಲ್ಲಿ ಯಾರೂ ಕೇಳಲಿಲ್ಲ.

ಅಂಗಡಿ ಶುರುವಾದಾಗ ಯಂತ್ರ ತಂದುಕೊಟ್ಟವರು 2.84ಕ್ಕೆ ಇಟ್ಟು ಹೋಗಿದ್ದರು. ಭಾಯ್ ಮಾತಿಗೆ ಅಳಿಯ 3.31ಕ್ಕೆ ಏರಿಸಿದ. ಮರುದಿನ ನವಿಲು ಸರಿಯಿತು. 3.76. ಲಕ್ಷ್ಮಿಯ ಕಮಲ ಎರಡು ಕಮಲವಾಯಿತು. 4.20, ಎಂದರೆ ಡಬ್ಬಿಯ ತುತ್ತತುದಿ. ಮೇಲಾಗಿ "ನಿಂತಾಗ ಜಾರಬಾರದು" ಎಂದು ನಾಲ್ಕನೇ ಸ್ವಿಚ್ಚನ್ನೂ ಪೂರ್ತಿ ಊಟಕ್ಕೆ ತಳ್ಳಿದ. ಆವತ್ತು ಮಧ್ಯಾಹ್ನವೇ ನಾನು "ನೋಡೋಣ ತಡಿ" ಎಂದು ಮೋಟರಿನ ಮೇಲೆ ಬೆರಳಿಟ್ಟದ್ದು. ಇಟ್ಟೆ ಎನ್ನುವುದಕ್ಕಿಂತ ಕೊಟ್ಟೆ ಎನ್ನಬೇಕು.

ಬೊಬ್ಬೆಯ ಮೇಲೆ ಬರ್ನಾಲ್ ಹಚ್ಚಿಕೊಳ್ಳುತ್ತ ಕೂತಾಗ, ವರುಷವರುಷ ಕರಿಹಲಗೆಯ ಮೇಲೆ ಬರೆದ ಸೂತ್ರ ಕಣ್ಣೆದುರು ಬಂದು ಹಲ್ಲು ಕಿಸಿಯಿತು. ಬಿಸಿಯು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಿಡಿತದ ಬಲವಾದರೋ ಹೆಚ್ಚುಕಡಿಮೆ ಕರೆಂಟಿನಷ್ಟೇ ಏರುತ್ತದೆ, ಒಂದು ಮಿತಿಯ ಮೇಲೆ ಕಬ್ಬಿಣ ಸಾಕೆಂದು ಕೈಚೆಲ್ಲಿ ಅಷ್ಟೂ ಏರುವುದಿಲ್ಲ. 2.84ರಿಂದ 4.20 ಎಂದರೆ ಬಲ ಬಹಳವೆಂದರೆ ಒಂದೂವರೆ ಪಟ್ಟು, ಬಿಸಿ ಮಾತ್ರ ಎರಡು ಪಟ್ಟಿಗೂ ಮೇಲೆ. ಎಂಟಾಣೆ ಲಾಭಕ್ಕೆ ರೂಪಾಯಿಗೂ ಮೇಲೆ ಬಡ್ಡಿ. ಈ ಸೂತ್ರ ತಪ್ಪು ಬರೆದ ಹುಡುಗರ ಕಿವಿ ಹಿಂಡಿದ್ದೆನಲ್ಲ, ಆ ಪಾಪ ಬೆರಳಿಗೆ ಸುತ್ತಿಕೊಂಡಿತು.

ಸ್ಟೆಪ್ಪರು ಬಿಸಿಯಾದರೆ ತಪ್ಪೇನಲ್ಲ, ಅದನ್ನೂ ಹೇಳಿಬಿಡಬೇಕು. ಒಳಗಿನ ತಂತಿಯ ಹೊದಿಕೆ ಬಿ ದರ್ಜೆಯದಾದರೆ 130 ಡಿಗ್ರಿವರೆಗೂ ತಡೆಯುತ್ತದೆ, ಹೊರಮೈ 80 ಡಿಗ್ರಿ ದಾಟದಿದ್ದರೆ ಸಾಕು ಎನ್ನುವುದು ವಾಡಿಕೆ. 60ಕ್ಕೇ ನಮ್ಮ ಬೆರಳು ಹಾರಿ ಬೀಳುತ್ತದೆ. ಮೋಟರಿಗೆ ಅದು ಹಿತವಾದ ಮಾಗಿಯ ಬಿಸಿಲು. ಬೆರಳಿನ ಜ್ವರ ನೋಡಿ ಮೋಟರಿಗೆ ಮದ್ದು ಕೊಡಬಾರದು.

ಅಂದು ಸಂಜೆ ನಾರಾಯಣಖೇಡದಿಂದ ಅಕ್ಕನ ಮೊಮ್ಮಗಳು ಬಂದಳು. ರೈಲಿಲ್ಲದ ಊರು, ಬಸ್ಸಿನಲ್ಲಿ ಕುಲುಕಿ ಬಂದವಳು ಚಹಾ ಕೂಡ ಕುಡಿಯದೆ ಚೀಲದಿಂದ ತನ್ನ ಕಾಲೇಜಿನ ಪ್ರಾಜೆಕ್ಟು ತೆಗೆದಳು. ಪೆನ್ನು ಹಿಡಿದು ಚಿತ್ರ ಬರೆಯುವ ಗೊಂಬೆಯಂಥ ಯಂತ್ರ. ಇದರ ಸ್ಟೆಪ್ಪರು ಮುಖವೆಲ್ಲ ಸೇರಿ 42 ಮಿಲಿಮೀಟರು, ಡ್ರೈವರು ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಹಸಿರು ಹಲಗೆ, ಎ4988 ಎಂಬ ಚಿಪ್ಪು. ಸ್ವಿಚ್ಚಿಲ್ಲ. ಸಾಸಿವೆಗಿಂತ ಚೂರು ದಪ್ಪನೆಯ ಒಂದು ತಿರುಪು ಇದೆ. ಅದನ್ನು ತಿರುಗಿಸಿದಷ್ಟು ಕರೆಂಟು.

ಹುಡುಗಿ ಮಲ್ಟಿಮೀಟರಿನ ಕರಿ ಕಡ್ಡಿಯನ್ನು ಸಪ್ಲೈನ ನೆಲಕ್ಕೆ ಹಿಡಿದಳು, ಕೆಂಪು ಕಡ್ಡಿಗೆ ಮೊಸಳೆ ಚಿಮಟ ಸಿಕ್ಕಿಸಿ ಅದನ್ನು ಸಣ್ಣ ಪೇಚಕಸಿನ ಕತ್ತಿಗೆ ಕಚ್ಚಿಸಿದಳು. ಈಗ ತಿರುಪಿನ ತಲೆಗೆ ಪೇಚಕಸು ತಾಗಿಸಿದರೆ ತಿರುವುವುದೂ ಅಳೆಯುವುದೂ ಒಟ್ಟಿಗೇ. ಉಸಿರು ಬಿಗಿಹಿಡಿದು ತಿರುವಿದಳು. 0.61. 0.70. ಕೂದಲೆಳೆಯಷ್ಟು ಹೆಚ್ಚಾಗಿ 0.93. ಮತ್ತೆ ಹಿಂದಕ್ಕೆ. 0.80ಕ್ಕೆ ಬಂದು ನಿಂತಾಗ ಉಸಿರು ಬಿಟ್ಟಳು. "ಒಂದ್ ಆಂಪಿಯರ್ ಆಯ್ತು ಅಜ್ಜಾ."

"ವೋಲ್ಟು ಅಳದಿ, ಆಂಪಿಯರ್ ಹೆಂಗ ತಿಳೀತು?"

ಚಿಪ್ಪಿನ ಪಕ್ಕದಲ್ಲಿ ಎಳ್ಳಿನಂಥ ಎರಡು ರೆಸಿಸ್ಟರು ತೋರಿಸಿದಳು. ಅದರ ಮೇಲೆ ಆರ್100 ಎಂದು ಅಚ್ಚು, ಎಂದರೆ 0.1 ಓಮ್. ಬೇಕಾದ ಆಂಪಿಯರನ್ನು ಅದರಿಂದ ಗುಣಿಸಿ, ಎಂಟರಿಂದ ಗುಣಿಸಿದರೆ ತಿರುಪಿನ ಮೇಲೆ ಬರಬೇಕಾದ ವೋಲ್ಟು. ಒಂದು ಆಂಪಿಯರಿಗೆ 0.8. ನೋಡಲಿಕ್ಕೆ ಅದೇ ಹಸಿರು, ಅದೇ ಆಕಾರ, ಅದೇ ಬೆಲೆಯ ಇನ್ನೊಂದು ಹಲಗೆಯಲ್ಲಿ ಆರ್050 ಇರುತ್ತದಂತೆ. ಅದಕ್ಕೂ 0.8 ಇಟ್ಟರೆ ಎರಡು ಆಂಪಿಯರ್ ನುಗ್ಗುತ್ತದೆ, ಚಿಪ್ಪಿನ ಪ್ರಾಣದ ಗಡಿ ಅಷ್ಟೇ. ಇವಳ ಗೆಳತಿ ಹಾಗೆಯೇ ಒಂದನ್ನು ಸುಟ್ಟಳು. ಇನ್ನೊಂದನ್ನು ಇವಳೇ ಕೊಂದಳು: ವಿದ್ಯುತ್ತು ಇರುವಾಗಲೇ ಮೋಟರಿನ ವೈರು ಕಿತ್ತು ನೋಡಿದ್ದಕ್ಕೆ. ಸುರುಳಿಯೊಳಗೆ ಓಡುತ್ತಿದ್ದ ಕರೆಂಟಿಗೆ ದಾರಿ ಕಡಿದರೆ ಅದು ಡ್ರೈವರಿನ ಮೇಲೆ ಬೀಳುತ್ತದೆ. ವೈರಿನ ಬಣ್ಣ ಗೊತ್ತಾಗದಿದ್ದರೆ ಜೋಡಿ ಹುಡುಕುವ ಉಪಾಯವನ್ನೂ ತೋರಿಸಿದಳು. ಬಿಚ್ಚಿಟ್ಟ ಮೋಟರಿನ ನಾಲ್ಕು ವೈರಿನಲ್ಲಿ ಎರಡನ್ನು ಒಂದಕ್ಕೊಂದು ತಾಗಿಸಿ ದಂಡ ತಿರುವು ಎಂದಳು. ಸಲೀಸು ತಿರುಗಿತು. ಬೇರೆ ಎರಡು ತಾಗಿಸಿದಳು. ದಂಡ ಬಿರುಸಾಯಿತು, ಒಳಗೆ ಯಾರೋ ಕೈ ಹಿಡಿದಂತೆ. "ಇವೆರಡು ಗಂಡ ಹೆಂಡ್ತಿ" ಎಂದಳು. ಈ ಹುಡುಗಿ ನನ್ನ ಕ್ಲಾಸಿನಲ್ಲಿ ಇರಲಿಲ್ಲವಲ್ಲ ಎಂದು ದೇವರಿಗೆ ಕೈ ಮುಗಿದೆ. ಇದ್ದಿದ್ದರೆ ನನ್ನ ಮಾನ ಉಳಿಯುತ್ತಿರಲಿಲ್ಲ.

ಅವಳೇ ಅಳಿಯನಿಗೆ ಒಂದು ಮಾತು ಕೇಳಿದಳು. "ಮಾಮಾ, ಸರಿಯೂದು ಜೋರು ಓಡುವಾಗೋ, ನಿಧಾನ ಕೆತ್ತುವಾಗೋ?" ಜೋರಾಗಿ ಓಡುವಾಗ ಸರಿದರೆ ಕರೆಂಟು ಏರಿಸಿದರೂ ಅಷ್ಟೇ ಅಂತೆ. ಸುರುಳಿಯೊಳಗೆ ಕರೆಂಟು ತುಂಬಲು ಒಂದಿಷ್ಟು ಹೊತ್ತು ಬೇಕು, ಓಟ ಹೆಚ್ಚಾದಂತೆ ಆ ಹೊತ್ತು ಸಿಗುವುದಿಲ್ಲ. ನನಗೆ ಥಟ್ಟನೆ ತಿಳಿಯಿತು. ರೈಲು ತಾಂಡೂರಿನಲ್ಲಿ ಎರಡು ನಿಮಿಷ ನಿಲ್ಲುತ್ತದೆ, ಕುದಿಯುವ ಚಹಾ ಕೈಗೆ ಬರುತ್ತದೆ, ಎರಡು ಗುಟುಕಿಗೆ ರೈಲು ಬಿಡುತ್ತದೆ. ದೊಡ್ಡ ಲೋಟ ಕೊಟ್ಟರೆ ಏನು ಬಂತು? ಅಲ್ಲಿ ಬೇಕಾದದ್ದು ಸಪ್ಲೈನ ವೋಲ್ಟು ಹೆಚ್ಚಿಸುವುದು, ಇಲ್ಲವೆ ಓಟ ತಗ್ಗಿಸುವುದು.

ಆದರೆ ನಮ್ಮ ಗಣಪತಿ ನಿಧಾನವಾಗಿ ಕೆತ್ತುವಾಗಲೇ ಸರಿದಿದ್ದ. ಅಲ್ಲಿಗೆ ಹುಡುಗಿಯ ವಿದ್ಯೆಯೂ ನಿಂತಿತು.

ಒಗಟು ಬಿಡಿಸಿದವನು ನನ್ನ ಷಡ್ಡಕ, ತಾಂಡೂರಿನವನು. ಅವನದು ಕಲ್ಲು ಕೊಯ್ದು ಪಾಲಿಶ್ ಮಾಡುವ ಕಾರಖಾನೆ. ನಾವು ಶಹಾಬಾದಿ ಪರಸಿ ಎನ್ನುವ ಕಲ್ಲಿನ ದಾಯಾದಿಯೇ ಅವರ ತಾಂಡೂರು ಕಲ್ಲು, ನೀಲಿ ಒಂದು, ಹಳದಿ ಒಂದು. ಹೋದಲ್ಲೆಲ್ಲ ತೊಗರಿಬೇಳೆಯ ಗಂಟು ಒಯ್ಯುವ ರೂಢಿ. 2022ರಲ್ಲಿ ತಾಂಡೂರು ತೊಗರಿಗೆ ಜಿಐ ಟ್ಯಾಗ್ ಬಂದ ಮೇಲಂತೂ ಗಂಟು ಕೊಡುವ ಗತ್ತೇ ಬೇರೆ. ಎಲೆಕ್ಟ್ರಾನಿಕ್ಸ್ ಇವನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದೇ ಉಪಕಾರವಾಯಿತು, ಡಬ್ಬಿಯ ಕಡೆ ನೋಡಲೇ ಇಲ್ಲ. ಯಂತ್ರದ ಕೆಳಗೆ ಬಗ್ಗಿ, ಮೋಟರಿನ ದಂಡ ತಿರುಪುಗಂಬಕ್ಕೆ ಸೇರುವ ಕಪ್ಲಿಂಗ್ ನೋಡಿದ. ಮೇಜಿನ ಮೇಲಿದ್ದ ವೈಟ್ನರ್ ತೆಗೆದುಕೊಂಡು ದಂಡದ ಮೇಲಿಂದ ಕಪ್ಲಿಂಗಿನ ಮೇಲೆ ಒಂದು ನೇರ ಬಿಳಿ ಗೆರೆ ಎಳೆದ.

"ಈಗ ಓಡಿಸು."

ಹತ್ತು ನಿಮಿಷ ಹಲಗೆಯ ಚೂರೊಂದನ್ನು ಕೆತ್ತಿ ನಿಲ್ಲಿಸಿದಾಗ ಗೆರೆ ಎರಡು ತುಂಡು. ದಂಡದ ಮೇಲಿನ ಅರ್ಧ ಒಂದು ಕಡೆ, ಕಪ್ಲಿಂಗಿನ ಅರ್ಧ ಇನ್ನೊಂದು ಕಡೆ. ಮೋಟರು ಒಂದೂ ಹೆಜ್ಜೆ ತಪ್ಪಿರಲಿಲ್ಲ ಪಾಪ. ಕಪ್ಲಿಂಗಿನ ಗ್ರಬ್ ಸ್ಕ್ರೂ ಸಡಿಲಾಗಿ, ಮೋಟರು ತಿರುಗಿದಷ್ಟು ತಿರುಪುಗಂಬ ತಿರುಗುತ್ತಿರಲಿಲ್ಲ. ಕರೆಂಟು ಏರಿಸಿದಷ್ಟೂ ಮೋಟರು ಜೋರಾಗಿ ಜಗ್ಗಿ ಸ್ಕ್ರೂ ಇನ್ನಷ್ಟು ಸಡಿಲ. ಎಲ್-ಕೀ ಹಾಕಿ ಅರ್ಧ ಸುತ್ತು ಬಿಗಿದ. ಮುಗಿಯಿತು. ಮೂರು ದೇವರು, ಒಂದು ನವಿಲು, ಒಂದು ಬೆರಳು ಖರ್ಚಾದದ್ದು ಅರ್ಧ ಸುತ್ತಿಗೆ. ಗಣಪತಿ, ಲಕ್ಷ್ಮಿ ಇಬ್ಬರೇ ಅಲ್ಲವೇ, ಮೂರು ದೇವರು ಎಲ್ಲಿಂದ ಬಂದವು ಎಂದು ಕೇಳಬೇಡಿ. ಗಣಪತಿಯನ್ನು ಇನ್ನೊಂದು ಸಲ ಕೆತ್ತಲು ಹೋಗಿದ್ದ ವಿಷಯ ಅಳಿಯ ಅಲ್ಲಿಯವರೆಗೆ ಮುಚ್ಚಿಟ್ಟಿದ್ದ.

ಹುಡುಗಿ ಅಷ್ಟಕ್ಕೆ ಬಿಡಲಿಲ್ಲ. "ಈಗ ಇಳಸೋಣ" ಎಂದಳು. ಅಂಗಡಿಯಲ್ಲಿ ಆ ಕ್ರಿಯಾಪದ ಕೇಳಿದ್ದು ಅದೇ ಮೊದಲು. ಪ್ಲೈವುಡ್ಡಿನ ಮೇಲೆ ಪೆನ್ಸಿಲಿನಿಂದ ಒಂದು ಗುಣಾಕಾರದ ಗುರುತು ಮಾಡಿ, ಬಿಟ್ಟಿನ ಮೂತಿಯನ್ನು ಅದರ ನಟ್ಟನಡುವೆ ನಿಲ್ಲಿಸಿ ಅಲ್ಲಿಗೆ ಸೊನ್ನೆ ಎಂದು ಕಂಪ್ಯೂಟರಿಗೆ ಹೇಳಿದರು. ಸಪ್ಲೈ ಆರಿಸಿ ಸ್ವಿಚ್ಚು 1.46ಕ್ಕೆ. ಮತ್ತೆ ಹಚ್ಚಿ, ಗಟ್ಟಿ ಮರದ ತುಂಡಿನಲ್ಲಿ ಕಾಲು ತಾಸು ಕೆತ್ತಿಸಿ, ಸೊನ್ನೆಗೆ ಬಾ ಎಂದು ಕರೆದರು. ಬಿಟ್ಟು ಬಂದದ್ದು ಗುರುತಿನಿಂದ ಒಂದು ಕಡಲೆಯಷ್ಟು ದೂರ. 1.91ಕ್ಕೆ ಏರಿಸಿದಾಗ ಗುರುತಿನ ಮೇಲೇ ಬಂದು ನಿಂತಿತು. ಪುನಃ ಕಳಿಸಿದರು, ಪುನಃ ಬಂತು. ಸಾಗವಾನಿಯ ಗಂಟು, ಮಳೆಗಾಲದಲ್ಲಿ ಉಬ್ಬಿದ ಹಲಗೆ, ಮೊಂಡಾದ ಬಿಟ್ಟು ಇವುಗಳ ಪಾಲೆಂದು ಇನ್ನೊಂದು ಮೆಟ್ಟಿಲು ಹತ್ತಿ 2.37ಕ್ಕೆ ನಿಲ್ಲಿಸಿದರು. ನಿಂತಾಗ ಅರ್ಧ ಊಟ. ಕಂಪನಿಯವರು ಇಟ್ಟು ಹೋಗಿದ್ದಕ್ಕಿಂತಲೂ ಒಂದು ಮೆಟ್ಟಿಲು ಕೆಳಗೆ! ಒಂದು ತಾಸು ಕೆತ್ತಿದ ಮೇಲೆ ನನ್ನನ್ನು ಕರೆದರು, ಬೆರಳಿಡಲಿಕ್ಕೆ. ಎಡಗೈ ಕೊಟ್ಟೆ. ಬಿಸಿ ಇತ್ತು, ಆಗಷ್ಟೇ ಇಳಿಸಿದ ರೊಟ್ಟಿಯಷ್ಟು. ಹತ್ತು ಎಣಿಸುವವರೆಗೂ ಇಟ್ಟುಕೊಂಡಿದ್ದೆ.

ಸರಿದ ಗಣಪತಿಗೂ ಗಿರಾಕಿ ಸಿಕ್ಕಿತು. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಹೋಗಿ ಬರುತ್ತಿದ್ದ ಬೀದರ ಕಡೆಯ ಯಜಮಾನರೊಬ್ಬರು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಇದೇ ಬೇಕು ಎಂದರು. ಬೇರೆ ಕಡೆ ಶಿವನಿಗೆ ಸಲ್ಲದ ಕೇದಗೆ ಹೂ ಅಲ್ಲಿ ಸಲ್ಲುತ್ತದೆ. ಅದನ್ನೇ ನೋಡಿ ಬಂದವರಿಗೆ ಸೊಂಡಿಲು ಸರಿದದ್ದು ಏನು ಮಹಾ? ಅಳಿಯ ರೇಟು ಅರ್ಧ ಮಾಡಿದ್ದ ಎನ್ನುವುದೂ ಒಂದು ಕಾರಣ ಇರಬಹುದು.

ಇನ್ನು ಯಾರೂ ಕೈ ಹಾಕಬಾರದೆಂದು ಅಳಿಯ ಎಂಟೂ ಸ್ವಿಚ್ಚಿನ ಮೇಲೆ ಕರಿ ಟೇಪು ಅಂಟಿಸಿ, ಮೇಲೊಂದು ಚೀಟಿ ಬರೆದ. ಕನ್ನಡದಲ್ಲಿ ಮುಟ್ಟಬೇಡಿ. ತೆಲುಗಿನಲ್ಲಿ ಮುಟ್ಟುಕೋವದ್ದು. ಉರ್ದುವಿನಲ್ಲಿ ಹಾಥ್ ನಕ್ಕೊ ಲಗಾವ್. ಮೂರೂ ಭಾಷೆ ಮೂರೂ ಲಿಪಿ, ನಮ್ಮೂರ ಮದುವೆ ಕಾರ್ಡಿನ ಹಾಗೆ.

ವಾರದ ಮೇಲೆ ಭಾಯ್ ಬಂದರು. ರೌಟರು ಸದ್ದಿಲ್ಲದೆ ಲಕ್ಷ್ಮಿಯ ಕಮಲ ಬಿಡಿಸುತ್ತಿತ್ತು, ಒಂದೇ ಕಮಲ. ಭಾಯ್ ಮೋಟರಿನ ಮೇಲೆ ಪೂರ್ತಿ ಅಂಗೈ ಇಟ್ಟರು. ಮುಖ ಸಣ್ಣದಾಯಿತು. ಬಗ್ಗಿ ಬಗ್ಗಿ ನೋಡಿದರು, ಕಿವಿಯನ್ನು ಹತ್ತಿರ ಒಯ್ದರು.

"ಗರಮೇ ಇಲ್ಲಲ್ಲೋ. ಖರೇ ಕೆಲಸ ಮಾಡ್ತದೇನು?"

"ಮಾಡ್ತದ ಚಾಚಾ, ನೋಡ್ರಿ ಕಣ್ಣ ಮುಂದೇ ಅದ" ಎಂದು ಅಳಿಯ ಚಹಾ ಹೇಳಲು ಹೊರಗೆ ಹೋದ. ನಾನು ಪೇಪರಿನಿಂದ ತಲೆ ಎತ್ತಿದಾಗ ಭಾಯ್ ಕನ್ನಡಕ ಮೂಗಿಗಿಳಿಸಿ ಚೀಟಿಯ ಮೂರೂ ಸಾಲು ಓದುತ್ತಿದ್ದರು. ಬೆರಳಿನ ಉಗುರು ಆಗಲೇ ಟೇಪಿನ ಮೂಲೆಗೆ ಹೋಗಿತ್ತು.